ಗುಟ್ಟು ಬಲ್ಲವರಿಗೆ ಒಂದು ಬಹಿರಂಗ ಪತ್ರ

ನಾಡಿನ ಶಾಲೆಗಳ ಸ್ಟಾಫ್ ರೂಮುಗಳಲ್ಲಿ ಕೂರುವ ಎಲ್ಲ ಮೇಷ್ಟ್ರುಗಳಿಗೆ, ಟೀಚರುಗಳಿಗೆ,



ಈ ಪತ್ರ ಬರೆಯುತ್ತಿರುವವಳು 29 ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ತನ್ನನ್ನು ‘ನಾನು’ ಎಂದುಕೊಳ್ಳದೆ ‘ಈ ಲೇಖಕಿ’ ಎಂದು ಕರೆದುಕೊಳ್ಳುವುದಕ್ಕೆ ಒಂದು ಕಾರಣವಿದೆ. ‘ಕಂಡದ್ದನ್ನು ಕಂಡ ಹಾಗೇ ಹೇಳುತ್ತೇನೆ’ ಎಂದು ಮಾತು ಶುರು ಮಾಡುವವರನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದೇ ಈ ಪತ್ರದ ವಿಷಯ.

ರಿಟೈರಾದ ಮೇಲೆ ಕನಸಿನಲ್ಲಿ ಬರುವುದು ಕ್ಲಾಸಿಗಿಂತ ಹೆಚ್ಚಾಗಿ ಸ್ಟಾಫ್ ರೂಮೇ. ಕಾಲು ಕುಂಟುವ ಉದ್ದ ಮೇಜು, ಗೋಡೆಯ ಮೇಲಿನ ಟೈಮ್ ಟೇಬಲ್ಲು, ತೊಳೆದು ಕಿಟಕಿಯಲ್ಲಿ ಬೋರಲು ಹಾಕಿದ ಟಿಫಿನ್ ಡಬ್ಬಿಗಳು. ಅಲ್ಲಿ ಆಡಿದ ಮಾತು ಎರಡು ಪೀರಿಯಡ್ಡಿನೊಳಗೆ ಊರೆಲ್ಲ ಸುತ್ತಿ ಬರುತ್ತದೆಂದು ನಿಮಗೂ ಗೊತ್ತು. ಆದರೆ ಕೆಲವು ಮಾತು ಸುತ್ತುವುದಿಲ್ಲ. ಯಾರೋ ಒಬ್ಬರ ಹೊಟ್ಟೆಯಲ್ಲಿ ಉಳಿದುಬಿಡುತ್ತವೆ. ಅಂಥ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡ ಒಬ್ಬ ಟೀಚರಿನ ಕಥೆಯನ್ನು ಈ ಲೇಖಕಿ ಇತ್ತೀಚೆಗೆ ಎರಡನೇ ಸಲ ಓದಿದಳು. ಓದಿ ಮುಗಿಸಿದ ಮೇಲೆ ನಿಮಗೆ ಬರೆಯದೆ ಇರಲಾಗಲಿಲ್ಲ.

ಪುಸ್ತಕ ಹೊಸದೇನಲ್ಲ. ಲಂಡನ್ನಿನಲ್ಲಿ ಹುಟ್ಟಿದ ಪತ್ರಕರ್ತೆ ಜೋಯಿ ಹೆಲರ್ 2003ರಲ್ಲಿ ಪ್ರಕಟಿಸಿದ ‘ನೋಟ್ಸ್ ಆನ್ ಎ ಸ್ಕ್ಯಾಂಡಲ್’ ಎಂಬ ಕಾದಂಬರಿ. ಆ ವರ್ಷದ ಬೂಕರ್ ಬಹುಮಾನದ ಅಂತಿಮ ಪಟ್ಟಿಯಲ್ಲಿತ್ತು, ಬಹುಮಾನ ಬೇರೆಯವರಿಗೆ ಹೋಯಿತು. 2006ರಲ್ಲಿ ರಿಚರ್ಡ್ ಐರ್ ಅದನ್ನು ಸಿನಿಮಾ ಮಾಡಿದರು. ಜೂಡಿ ಡೆಂಚ್, ಕೇಟ್ ಬ್ಲಾಂಚೆಟ್ ಇಬ್ಬರಿಗೂ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಅಮೆರಿಕದಲ್ಲಿ ಪುಸ್ತಕಕ್ಕೆ ಇನ್ನೊಂದು ಹೆಸರಿಟ್ಟರು. ‘ಅವಳ ತಲೆಯಲ್ಲಿ ಏನಿತ್ತಂತೆ?’ ಎಂದು ನಾವು ಮೂಗಿನ ಮೇಲೆ ಬೆರಳಿಟ್ಟು ಕೇಳುತ್ತೇವಲ್ಲ, ಆ ಧಾಟಿಯ ಹೆಸರು. ಓದುತ್ತ ಹೋದರೆ ಆ ‘ಅವಳು’ ಯಾರು ಎಂಬುದೇ ಪ್ರಶ್ನೆಯಾಗುತ್ತದೆ.

ಹಗರಣದ ಕಥೆ ನಾಲ್ಕು ಸಾಲಿನದು. ಉತ್ತರ ಲಂಡನ್ನಿನ ಸೇಂಟ್ ಜಾರ್ಜಸ್ ಎಂಬ ಶಾಲೆಗೆ ಶೀಬಾ ಹಾರ್ಟ್ ಎಂಬಾಕೆ ಮಡಕೆ-ಕುಡಿಕೆ ಮಾಡುವ ಕುಶಲಕಲೆಯ ಟೀಚರಾಗಿ ಬರುತ್ತಾಳೆ. ವಯಸ್ಸು ನಲವತ್ತು ದಾಟಿದೆ. ತನಗಿಂತ ಬಹಳ ದೊಡ್ಡವನಾದ ಗಂಡ, ಬೆಳೆದ ಮಗಳು, ಡೌನ್ ಸಿಂಡ್ರೋಮ್ ಇರುವ ಮಗ. ಸ್ಟೀವನ್ ಕಾನಲಿ ಎಂಬ 15 ವರ್ಷದ ವಿದ್ಯಾರ್ಥಿಯ ಜೊತೆ ಅವಳು ಸಂಬಂಧ ಬೆಳೆಸುತ್ತಾಳೆ. ಗುಟ್ಟು ಬಯಲಾಗುತ್ತದೆ, ಪೊಲೀಸರು ಬರುತ್ತಾರೆ, ಪತ್ರಿಕೆಗಳು ಮುಗಿಬೀಳುತ್ತವೆ, ಗಂಡ ಮನೆಯಿಂದ ಹೊರಗೆ ಹಾಕುತ್ತಾನೆ.

ಇಷ್ಟನ್ನು ನಮಗೆ ಹೇಳುವವಳು ಬಾರ್ಬರಾ ಕವೆಟ್. ಅದೇ ಶಾಲೆಯ ಇತಿಹಾಸದ ಟೀಚರು, ಅರವತ್ತರ ಆಸುಪಾಸು, ಮದುವೆಯಿಲ್ಲ, ಮನೆಯಲ್ಲಿ ಪೋರ್ಷಿಯಾ ಎಂಬ ಬೆಕ್ಕು. ಪರರ ಸೊತ್ತಿಗೆ ಆಸೆಪಡುವುದಕ್ಕೆ ಇಂಗ್ಲಿಷಿನಲ್ಲಿರುವ ಶಬ್ದವನ್ನೇ ಹೆಲರ್ ಅವಳ ಮನೆತನದ ಹೆಸರು ಮಾಡಿದ್ದಾರೆ. ಶೀಬಾಳ ಪೂರ್ತಿ ಹೆಸರು ಬಾತ್‌ಶೀಬಾ. ಬೈಬಲ್ಲಿನಲ್ಲಿ ಸ್ನಾನ ಮಾಡುತ್ತಿದ್ದಾಗ ರಾಜ ದಾವೀದನ ಕಣ್ಣಿಗೆ ಬಿದ್ದವಳು. ಒಬ್ಬಳು ಆಸೆಪಡುವವಳು, ಇನ್ನೊಬ್ಬಳು ಕಣ್ಣಿಗೆ ಬಿದ್ದವಳು. ಹೆಸರಿನಲ್ಲೇ ಕಥೆ ಮುಗಿಯಿತು ಎನ್ನಬಹುದು, ಆದರೆ ಮುಗಿಯುವುದಿಲ್ಲ.

ಬಾರ್ಬರಾ ತಾನೊಬ್ಬ ಸಾಕ್ಷಿ, ಗೆಳತಿಯ ಪರವಾಗಿ ಎಲ್ಲವನ್ನೂ ಬರೆದಿಡುತ್ತಿರುವ ಹಿತೈಷಿ ಎಂದೇ ಹೇಳಿಕೊಳ್ಳುತ್ತಾಳೆ. ಬರೆಯುವುದಕ್ಕೆ ಅವಳು ಮಾಡಿಕೊಂಡ ಏರ್ಪಾಡು ನೋಡಿ. ಶೀಬಾ ಶಾಲೆಗೆ ಬಂದಂದಿನಿಂದ ನಡೆದದ್ದನ್ನೆಲ್ಲ ತಾರೀಕಿನ ಪ್ರಕಾರ ಒಂದು ಪಟ್ಟಿಯಾಗಿ ಗುರುತು ಹಾಕಿ, ಅದರಲ್ಲಿ ದೊಡ್ಡ ಘಟನೆಗಳಿಗೆ ಚಿನ್ನದ ಬಣ್ಣದ ನಕ್ಷತ್ರ ಅಂಟಿಸುತ್ತಾಳೆ. ಕಾಪಿ ಬರೆದ ಮಕ್ಕಳ ನೋಟ್ ಬುಕ್ಕಿಗೆ ನಾವು ಅಂಟಿಸುತ್ತೇವಲ್ಲ, ಅದೇ ನಕ್ಷತ್ರ. ಶೀಬಾಳ ಬದುಕಿನ ದೊಡ್ಡ ದಿನಗಳಿಗೂ ತನಗೆ ದೊಡ್ಡದಾದ ದಿನಗಳಿಗೂ ಅವಳಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಸೂ ಹಾಡ್ಜ್ ಎಂಬ ಇನ್ನೊಬ್ಬ ಸಹೋದ್ಯೋಗಿ ಶೀಬಾಳ ಪಕ್ಕ ಕೂತರೆ ಬಾರ್ಬರಾ ಆಕೆಯ ದಪ್ಪ ಮೈಯನ್ನು, ಉಡುಪನ್ನು, ನಗುವನ್ನು ಒಂದೊಂದಾಗಿ ಕೊಚ್ಚಿ ಹಾಕುತ್ತಾಳೆ. ಓದುವಾಗ ನಗು ಬರುತ್ತದೆ. ಹೆಲರ್ ಕೈಚಳಕ ಇರುವುದೇ ಇಲ್ಲಿ: ನಗುತ್ತ ನಗುತ್ತ ನಾವೂ ಬಾರ್ಬರಾಳ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತೇವೆ.

ಗುಟ್ಟು ತಿಳಿದ ಮೇಲೆ ಬಾರ್ಬರಾ ಯಾರಿಗೂ ಹೇಳುವುದಿಲ್ಲ. ಒಬ್ಬ ಹುಡುಗನಿಗೆ ಅನ್ಯಾಯವಾಗುತ್ತಿದೆ ಎಂದು ಅವಳಿಗೆ ಅನ್ನಿಸುವುದೇ ಇಲ್ಲ. ಅವಳ ಸಂಕಟ ಬೇರೆ: ಇಷ್ಟು ದೊಡ್ಡದೊಂದನ್ನು ಶೀಬಾ ತನ್ನಿಂದ ಮುಚ್ಚಿಟ್ಟಳಲ್ಲ! ಆಮೇಲೆ ಆ ಗುಟ್ಟೇ ಅವಳಿಗೆ ಆಸ್ತಿ. ಊರ ಸಾಹುಕಾರ ಕೊಟ್ಟ ಸಾಲದ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಆಗಾಗ ಮುಟ್ಟಿ ನೋಡುತ್ತಾನಲ್ಲ, ಹಾಗೆ.

ಈ ಹೆಂಗಸನ್ನು ರಾಕ್ಷಸಿ ಎಂದು ಪಕ್ಕಕ್ಕಿಟ್ಟರೆ ನಮಗೆ ಸುಲಭ. ಕಾದಂಬರಿ ಅದಕ್ಕೆ ಬಿಡುವುದಿಲ್ಲ. ಒಂಟಿತನವೆಂದರೇನು ಎಂದು ಬಾರ್ಬರಾ ಹೇಳುವ ಪುಟಗಳಿವೆ. ಬಟ್ಟೆ ಒಗೆಸಲು ಹೋಗುವುದೊಂದೇ ವಾರಾಂತ್ಯದ ಕಾರ್ಯಕ್ರಮವಾಗುವುದು. ವರ್ಷಗಟ್ಟಲೆ ಯಾರೂ ಮುಟ್ಟದ ಮೈಗೆ ಬಸ್ ಕಂಡಕ್ಟರನ ಕೈ ಅಕಸ್ಮಾತ್ತಾಗಿ ತಾಗಿದರೆ ಆಗುವ ನಡುಕ. ತಾತ್ಕಾಲಿಕವಾಗಿ ಒಬ್ಬರೇ ಇರುವವರು ಬೇಸರವೆಂದು ಕರೆಯುವುದಕ್ಕೂ ಇದಕ್ಕೂ ಇರುವ ದೂರ ಅಲ್ಲಿ ಕಾಣುತ್ತದೆ. ನಿಮ್ಮ ಶಾಲೆಯಲ್ಲೂ ರಜೆ ಬಂದರೆ ಮುಖ ಸಣ್ಣದಾಗುವ ಒಬ್ಬರಿದ್ದಾರೆ. ಯೋಚಿಸಿ, ಹೆಸರು ಹೊಳೆಯುತ್ತದೆ.

ಮೋಸ ಹೇಗೆ ನಡೆಯುತ್ತದೆಂಬುದು ಈ ಲೇಖಕಿಗೆ ಪುಸ್ತಕದ ತಿರುಳು. ಬ್ರಯನ್ ಬ್ಯಾಂಗ್ಸ್ ಎಂಬ ಸಹೋದ್ಯೋಗಿ ಬಾರ್ಬರಾಳನ್ನು ಊಟಕ್ಕೆ ಕರೆಯುತ್ತಾನೆ. ಈ ವಯಸ್ಸಿನಲ್ಲಿ ಒಬ್ಬ ಗಂಡಸು ತನ್ನನ್ನು ಕರೆದನೆಂದು ಅವಳ ಮನಸ್ಸು ಸ್ವಲ್ಪ ಅರಳುತ್ತದೆ. ಆದರೆ ಅವನಿಗೆ ಬೇಕಾದದ್ದು ಶೀಬಾಳ ಸುದ್ದಿ. ಶೀಬಾ ಮೇಲೆ ಅವನಿಗೆ ಮನಸ್ಸು. ಗೆಳತಿಯಾದ ನಿಮಗೆ ಗೊತ್ತಿರುತ್ತದಲ್ಲ, ಅವಳಿಗೆ ನನ್ನ ಬಗ್ಗೆ ಏನನಿಸುತ್ತದೆ ಎಂದು ವಿಚಾರಿಸುತ್ತಾನೆ. ಬಾರ್ಬರಾ ಕೂಗಾಡುವುದಿಲ್ಲ, ಎದ್ದು ಹೋಗುವುದೂ ಇಲ್ಲ. ಶೀಬಾಗೆ ಚಿಕ್ಕ ವಯಸ್ಸಿನವರೆಂದರೆ ಇಷ್ಟ ಎಂಬ ಸೂಚನೆಯೊಂದನ್ನು ಮಾತಿನ ನಡುವೆ ಜಾರಿಸುತ್ತಾಳೆ. ಅಷ್ಟು ಸಾಕಾಗುತ್ತದೆ. ಅದು ಬ್ಯಾಂಗ್ಸ್ ಮೂಲಕ ಹೆಡ್‌ಮಾಸ್ಟರ್ ಕಿವಿಗೆ ಬೀಳುತ್ತದೆ. ಅಪ್ರಾಪ್ತ ಹುಡುಗನನ್ನು ಕಾಪಾಡಬೇಕಾಗಿದ್ದ ಸತ್ಯ ಕೊನೆಗೂ ಹೊರಬಿದ್ದದ್ದು ಹುಡುಗನಿಗಾಗಿ ಅಲ್ಲ, ಒಬ್ಬಾಕೆಯ ಅವಮಾನದ ಉರಿಯಿಂದ. ಅಷ್ಟು ದಿನ ಬಾಯಿ ಮುಚ್ಚಿಕೊಂಡದ್ದು ಯಾವ ಕಾರಣಕ್ಕೋ, ಬಾಯಿ ಬಿಟ್ಟದ್ದೂ ಅದೇ ಕಾರಣಕ್ಕೆ. ಆಮೇಲೆ ಎಲ್ಲ ಕಳೆದುಕೊಂಡ ಶೀಬಾಗೆ ಅಡುಗೆ ಮಾಡಿ, ಪತ್ರಿಕೆಯವರನ್ನು ಬಾಗಿಲಲ್ಲೇ ತಡೆದು ಉಪಚಾರ ಮಾಡುವವಳೂ ಬಾರ್ಬರಾಳೇ. ಬೆಂಕಿ ಹಚ್ಚಿದ ಕೈಯಲ್ಲೇ ಬರ್ನಾಲ್.

ಇಲ್ಲಿ ಈ ಲೇಖಕಿ ತನ್ನದೊಂದು ಲೆಕ್ಕ ಒಪ್ಪಿಸಬೇಕು.

ಅವಳು ಕೆಲಸ ಮಾಡಿದ ಶಾಲೆಯೊಂದರಲ್ಲಿ ಚಿತ್ರಕಲೆಯ ಟೀಚರೊಬ್ಬರಿದ್ದರು. ಒಂಬತ್ತು ವರ್ಷ ಇಬ್ಬರ ಡಬ್ಬಿಯೂ ಒಟ್ಟಿಗೆ ಬಿಚ್ಚಿಕೊಳ್ಳುತ್ತಿತ್ತು. ಆಕೆಯ ಕಡೆಯಿಂದ ಚಪಾತಿ, ಹುಚ್ಚೆಳ್ಳಿನ ಚಟ್ನಿಪುಡಿ. ಈ ಕಡೆಯಿಂದ ಮೊಸರನ್ನ. ಒಂದು ಜೂನಿನಲ್ಲಿ ಹೊಸ ಸೈನ್ಸ್ ಟೀಚರು ಬಂದರು, ಚುರುಕು, ಬಾಯಿ ತುಂಬ ನಗು. ದಸರಾ ರಜೆ ಮುಗಿಸಿ ಬರುವಷ್ಟರಲ್ಲಿ ಚಟ್ನಿಪುಡಿಯ ಡಬ್ಬಿ ಮೇಜಿನ ಆ ತುದಿಗೆ ಹೋಗಿತ್ತು. ಜಗಳವಿಲ್ಲ, ಮಾತು ಬಿಟ್ಟದ್ದೂ ಇಲ್ಲ. ಡಬ್ಬಿ ಮಾತ್ರ ಆ ತುದಿಯಲ್ಲಿ. ಈ ಲೇಖಕಿ ಮೊಸರನ್ನದಲ್ಲಿ ಒಗ್ಗರಣೆಯ ಮೆಣಸಿನಕಾಯಿಯನ್ನು ಬದಿಗೆ ಸರಿಸುತ್ತ, ಅಲ್ಲಿಂದ ಬರುವ ಪ್ರತಿ ನಗುವಿಗೂ ಕಿವಿ ಕೊಡುತ್ತ ಕೂತಿರುತ್ತಿದ್ದಳು.

ಒಂದು ಶನಿವಾರ ಬೆಳಗಿನ ಕ್ಲಾಸು ಮುಗಿಸಿ ಇನ್‌ಕ್ರಿಮೆಂಟಿನ ವಿಚಾರಕ್ಕೆ ಆಫೀಸಿಗೆ ಹೋದಾಗ ಗುಮಾಸ್ತರು ಸುಮ್ಮನೆ ಕೇಳಿದರು: “ಏನ್ ಮೇಡಮ್, ಈಚೆಗೆ ಡ್ರಾಯಿಂಗ್ ಮಿಸ್ಸು ನಿಮ್ ಜೊತೆ ಕಾಣೋದೇ ಇಲ್ಲ?”

“ಪಾಪ, ಅವರಿಗೆಲ್ಲಿ ಪುರುಸೊತ್ತು. ಸಂಜೆಯಾದ್ರೆ ಮನೆ ತುಂಬ ಹುಡುಗ್ರು, ಟ್ಯೂಷನ್ನು.”

ಇಷ್ಟೇ. ಮನೆಯಲ್ಲಿ ಆಕೆ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಕೂರುವ ಮಕ್ಕಳಿಗೆ ಸಂಜೆ ಹೇಳಿಕೊಡುತ್ತಿದ್ದದ್ದು, ಗಂಡನ ಔಷಧಿಯ ಖರ್ಚು ಅದರಿಂದ ನೀಗುತ್ತಿದ್ದದ್ದು ಶಾಲೆಯಲ್ಲಿ ಈ ಲೇಖಕಿಯೊಬ್ಬಳಿಗೇ ಗೊತ್ತಿತ್ತು. ಮೇಷ್ಟ್ರುಗಳು ಮನೆಪಾಠ ಮಾಡಕೂಡದೆಂಬ ನಿಯಮ ಎಲ್ಲರಿಗೂ ಗೊತ್ತಿತ್ತು. ಹದಿನೈದು ದಿನದಲ್ಲಿ ಕಾರಣ ಕೇಳಿ ನೋಟಿಸ್ ಬಂತು. ಆಕೆ ಅಳುತ್ತ ಬಂದದ್ದು ಸೈನ್ಸ್ ಟೀಚರ್ ಹತ್ತಿರಕ್ಕಲ್ಲ, ಇವಳ ಹತ್ತಿರಕ್ಕೆ. ಸಮಜಾಯಿಷಿಯನ್ನು ಇವಳೇ ಕೂತು, ಕಾಗುಣಿತ ತಪ್ಪದ ಹಾಗೆ, ದುಂಡಗೆ ಬರೆದುಕೊಟ್ಟಳು. “ನೀನಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೋ” ಎಂದು ಆಕೆ ಕೈ ಹಿಡಿದುಕೊಂಡರು. ಮರುದಿನ ಚಟ್ನಿಪುಡಿಯ ಡಬ್ಬಿ ಮೇಜಿನ ಈ ತುದಿಗೆ ವಾಪಸ್ ಬಂತು. ಆ ಹೊತ್ತಿನಲ್ಲಿ ಈ ಲೇಖಕಿಗೆ ಪಶ್ಚಾತ್ತಾಪವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಆದದ್ದು ಸಂತೋಷ.

ಆದ್ದರಿಂದ ಬಾರ್ಬರಾಳ ಮಾತು ಓದುವಾಗ ಆ ‘ಪಾಪ’ ಎಂಬ ಎರಡಕ್ಷರದ ಬಳಕೆ ಈ ಲೇಖಕಿಗೆ ಚೆನ್ನಾಗಿ ತಿಳಿಯಿತು. ಚಾಡಿ ಹೇಳುವವರು ಬೈದು ಹೇಳುವುದಿಲ್ಲ. ಕನಿಕರಪಟ್ಟು ಹೇಳುತ್ತಾರೆ.

ಇನ್ನು ಹುಡುಗನ ಮಾತಿಗೆ ಬರೋಣ. ಕಾದಂಬರಿಯಲ್ಲಿ ಕಾನಲಿ ತನ್ನ ಬಾಯಲ್ಲಿ ತನ್ನ ಕಥೆ ಹೇಳುವುದಿಲ್ಲ. ಅವನು ಶೀಬಾಳ ಮೋಹದ ಮೂಲಕ, ಅದನ್ನು ದಾಟಿ ಬಾರ್ಬರಾಳ ತಾತ್ಸಾರದ ಮೂಲಕ ನಮಗೆ ಸಿಗುತ್ತಾನೆ. ಎರಡು ಬಟ್ಟೆಯಲ್ಲಿ ಸೋಸಿದ ಹುಡುಗ. ಇದು ಹೆಲರ್ ಅವರ ಲೋಪವೆಂದು ಕೆಲವರಿಗೆ ಅನ್ನಿಸಬಹುದು. ಲೋಪವಲ್ಲ, ದೊಡ್ಡವರು ಇಂಥ ಪ್ರಕರಣವನ್ನು ಮಾತಾಡುವ ರೀತಿಯೇ ಹೀಗೆ ಎಂಬುದು ಈ ಪತ್ರದ ನಿಲುವು.

ಕಾದಂಬರಿಯ ಹಿಂದೆ ನಿಜವಾದ ಪ್ರಕರಣವೂ ಇದೆ. 1997ರಲ್ಲಿ ಅಮೆರಿಕದ ಸಿಯಾಟಲ್ ಬಳಿಯ ಪ್ರಾಥಮಿಕ ಶಾಲೆಯ ಟೀಚರ್ ಮೇರಿ ಕೇ ಲಟೂರ್ನೋ ತನ್ನ ಹಳೆಯ ವಿದ್ಯಾರ್ಥಿಯ ವಿಚಾರದಲ್ಲಿ ಬಂಧನಕ್ಕೊಳಗಾದಳು. ಅವಳಿಗೆ ಮೂವತ್ತು ದಾಟಿತ್ತು. ಸಂಬಂಧ ಶುರುವಾದಾಗ ಹುಡುಗನಿಗೆ 12 ವರ್ಷ. ಮಗುವಿನ ಮೇಲಿನ ಅತ್ಯಾಚಾರದ ತಪ್ಪನ್ನು ಅವಳು ಒಪ್ಪಿಕೊಂಡಳು. ಮೊದಲು ಕೆಲವೇ ತಿಂಗಳ ಸಜೆಯಾಯಿತು, ಹುಡುಗನನ್ನು ಕಾಣಬಾರದೆಂಬ ಷರತ್ತನ್ನು ಮುರಿದು ಮತ್ತೆ ಜೈಲಿಗೆ ಹೋಗಿ 2004ರಲ್ಲಿ ಹೊರಬಂದಳು. ಮರುವರ್ಷ ಅವನನ್ನೇ ಮದುವೆಯಾದಳು. 2020ರಲ್ಲಿ ತೀರಿಕೊಂಡಳು. ಅಷ್ಟು ವರ್ಷವೂ ಟಿವಿಯವರು, ವಾರಪತ್ರಿಕೆಯವರು ಇದನ್ನು ‘ಕಾನೂನಿಗೆ ಬಗ್ಗದ ಪ್ರೇಮಕಥೆ’ಯೆಂಬಂತೆ ಮಾರಿದರು. ಮೇಷ್ಟ್ರು ಗಂಡಸಾಗಿದ್ದು ಮಗು ಹುಡುಗಿಯಾಗಿದ್ದರೆ ಹಾಗೆ ಮಾರಲು ಸಾಧ್ಯವಿತ್ತೇ? ಆ ಹುಡುಗನ ಹೆಸರು ಜಗತ್ತಿಗೇ ಗೊತ್ತಿದೆ. ಆದರೂ ಇಲ್ಲಿ ಬರೆಯುವುದಿಲ್ಲ. ಆರನೇ ಕ್ಲಾಸಿನ ಮಗುವಿನ ಹೆಸರು ಅದು.

ಇಂಗ್ಲೆಂಡಿನಲ್ಲಿ ಕಾದಂಬರಿಯ ಘಟನೆಗಳು ನಡೆಯುವುದು 1990ರ ದಶಕದ ಕೊನೆಯಲ್ಲಿ. ಟೀಚರಿನಂಥ ನಂಬಿಕೆಯ ಸ್ಥಾನದಲ್ಲಿರುವವರು 18 ತುಂಬದವರ ಜೊತೆ ಹೀಗೆ ನಡೆದುಕೊಂಡರೆ ಅದೇ ಪ್ರತ್ಯೇಕ ಅಪರಾಧ ಎಂಬ ಕಾಯಿದೆ ಅಲ್ಲಿ ಬಂದದ್ದು 2000ದಲ್ಲಿ. ನಮ್ಮಲ್ಲಿ 2012ರ ಪೋಕ್ಸೊ ಕಾಯಿದೆ ಇದೆ, ಅದು ನಿಮ್ಮ ಸ್ಟಾಫ್ ರೂಮಿನ ಬಾಗಿಲೊಳಗೂ ಬರುತ್ತದೆ. ಅದರ ಕಣ್ಣಿನಲ್ಲಿ 18 ತುಂಬದ ಪ್ರತಿಯೊಬ್ಬರೂ ಮಗು, ಗಂಡಾದರೂ ಹೆಣ್ಣಾದರೂ. ಮಗುವಿನ ಒಪ್ಪಿಗೆ ಇತ್ತು ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ತಪ್ಪು ಮಾಡಿದವರು ಶಾಲೆಯ ಸಿಬ್ಬಂದಿಯಾದರೆ ಅಪರಾಧದ ತೂಕ ಹೆಚ್ಚು.

ಎಲ್ಲಕ್ಕಿಂತ ಮುಖ್ಯವಾಗಿ, ಬಾರ್ಬರಾಗೆ ಆ ಕಾಯಿದೆಯಲ್ಲಿ ಜಾಗವಿದೆ. 19ನೇ ಕಲಮಿನ ಪ್ರಕಾರ ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮು: ಆರು ತಿಂಗಳವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ತನ್ನ ಕೈಕೆಳಗಿನವರ ವಿಚಾರವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ ಎಂದೂ ಅದೇ ಕಾಯಿದೆ ಹೇಳುತ್ತದೆ.

ಬಂಧುಗಳೇ, ಕೇಳಿಕೊಳ್ಳಬೇಕಾದದ್ದು ಇಷ್ಟು. ಸಹೋದ್ಯೋಗಿಯೊಬ್ಬರು ಮಗುವಿನ ವಿಚಾರದ ಗುಟ್ಟನ್ನು ನಿಮ್ಮ ಕಿವಿಯಲ್ಲಿ ಹೇಳಿ, “ಯಾರಿಗೂ ಹೇಳಬೇಡಿ, ನಿಮ್ಮನ್ನು ನಂಬಿದೀನಿ” ಎಂದರೆ ದಯವಿಟ್ಟು ಆ ನಂಬಿಕೆಗೆ ಮಾರುಹೋಗಬೇಡಿ. ಆ ಮಾತು ಕೇಳಿದಾಗ ಎದೆ ಸ್ವಲ್ಪ ಉಬ್ಬುತ್ತದೆ, ಎಷ್ಟು ಜನರಲ್ಲಿ ನನ್ನನ್ನೇ ಆರಿಸಿಕೊಂಡರಲ್ಲ ಎಂದು. ಉಬ್ಬಲಿ. ಅಂದೇ ಠಾಣೆಗೆ ತಿಳಿಸಿ. ಯಾರನ್ನು ಕೇಳಬೇಕೆಂದು ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿ. ಮೊದಲು ಹೆಚ್.ಎಂ. ಹತ್ತಿರ ಪಂಚಾಯಿತಿ ಮಾಡೋಣ, ಶಾಲೆಯ ಮರ್ಯಾದೆ ಎಂದೆಲ್ಲ ಹೊರಟರೆ ಮಗು ಎರಡನೇ ಸಲ ಸೋಸಲ್ಪಡುತ್ತದೆ.

ಮಗು ಗಂಡಾಗಿದ್ದರೆ ಸ್ಟಾಫ್ ರೂಮಿನಲ್ಲಿ ಒಬ್ಬರಾದರೂ ಕಿಸಕ್ಕೆಂದು ನಗುತ್ತಾರೆ, ‘ಲಕ್ಕಿ ನನ್ಮಗ’ ಎನ್ನುತ್ತಾರೆ. ಆ ನಗುವಿಗೆ ಜೊತೆಯಾಗಬೇಡಿ. ಆ ನಗು ಕೇಳಿದ ಯಾವ ಹುಡುಗನೂ ಮುಂದೆ ನಿಮ್ಮ ಹತ್ತಿರ ಬಂದು ಬಾಯಿ ಬಿಡುವುದಿಲ್ಲ. ಹೆಸರನ್ನು ಎಲ್ಲೂ ಆಡಬೇಡಿ. ವಾಟ್ಸಾಪ್ ಗುಂಪಿನಲ್ಲಂತೂ ಬೇಡವೇ ಬೇಡ.

ಇನ್ನೊಂದು ಕೋರಿಕೆ ಕಾಯಿದೆಗೆ ಸಿಗುವಂಥದ್ದಲ್ಲ. ರಜೆಯೆಂದರೆ ಮುಖ ಸಣ್ಣದಾಗುವ ಆ ಒಬ್ಬರನ್ನು ಗೌರಿ ಹಬ್ಬಕ್ಕೋ ಸುಮ್ಮನೆ ಒಂದು ಭಾನುವಾರಕ್ಕೋ ಮನೆಗೆ ಕರೆಯಿರಿ. ಬಾರ್ಬರಾಗೆ ಸಿಕ್ಕಿದ್ದು ಒಬ್ಬಳೇ ಶೀಬಾ. ನಾಲ್ಕು ಮನೆಯಲ್ಲಿ ಕಾಫಿ ಕುಡಿಯುವವರು ಒಂದೇ ಮನೆಯ ಕಿಟಕಿಗೆ ಕಣ್ಣು ನೆಟ್ಟು ಕೂರುವುದು ಕಡಿಮೆ. ಇದು ಅನುಭವದ ಮಾತು, ಅಂಕಿ-ಅಂಶವೇನೂ ಇಲ್ಲ.

ಸಾಧ್ಯವಾದರೆ ಪುಸ್ತಕವನ್ನೂ ಓದಿ. ಸಿನಿಮಾ ಮಾತ್ರ ನೋಡಿ ಮುಗಿಸಬೇಡಿ, ನಟನೆ ಎಷ್ಟೇ ಚೆನ್ನಾಗಿರಲಿ. ಸಿನಿಮಾದಲ್ಲಿ ಶೀಬಾ ಗಂಡನ ಮನೆಯ ಬಾಗಿಲಿಗೆ ಮರಳುತ್ತಾಳೆ, ಬಾರ್ಬರಾ ಬೆಂಚಿನ ಮೇಲೆ ಇನ್ನೊಬ್ಬ ಹುಡುಗಿಯನ್ನು ಮಾತಿಗೆಳೆಯುತ್ತಾಳೆ. ಪುಸ್ತಕದ ಕೊನೆ ಇದಕ್ಕಿಂತ ಭಯಂಕರ. ಶೀಬಾ ಬಾರ್ಬರಾ ಬರೆದಿಟ್ಟ ಹಸ್ತಪ್ರತಿಯನ್ನು ಕಂಡುಹಿಡಿಯುತ್ತಾಳೆ, ಎಲ್ಲ ತಿಳಿದು ಕಿರುಚಾಡುತ್ತಾಳೆ. ಆಮೇಲೆ ಹೋಗಲು ಬೇರೆ ಜಾಗವಿಲ್ಲದೆ ಬಾರ್ಬರಾಳ ಜೊತೆಗೇ ಉಳಿಯುತ್ತಾಳೆ. ಹೆಲರ್ ಅವರ ತಂದೆ ಲೂಕಸ್ ಹೆಲರ್ 1962ರಲ್ಲಿ ಒಂದು ಪ್ರಸಿದ್ಧ ಹಾಲಿವುಡ್ ಚಿತ್ರಕ್ಕೆ ಚಿತ್ರಕಥೆ ಬರೆದಿದ್ದರು, ‘ವಾಟೆವರ್ ಹ್ಯಾಪನ್ಡ್ ಟು ಬೇಬಿ ಜೇನ್?’ ಎಂದು. ಒಂದೇ ಮನೆಯಲ್ಲಿ ಇಬ್ಬರು ಅಕ್ಕತಂಗಿಯರು, ಒಬ್ಬಳು ಕಾವಲು, ಒಬ್ಬಳು ಸೆರೆ. ಮಗಳು ಅದನ್ನು ನೆನೆದು ಬರೆದರೆಂದು ಹೇಳಲಾಗದು. ಆದರೆ ಎರಡನ್ನೂ ನೋಡಿದವರಿಗೆ ಬೆನ್ನುಹುರಿ ಸ್ವಲ್ಪ ತಣ್ಣಗಾಗುತ್ತದೆ.

ಕಡೆಯದಾಗಿ ಒಂದು ಮಾತು, ಇದು ನಿಮ್ಮಲ್ಲಿ ಒಬ್ಬರಿಗೆ ಮಾತ್ರ. ಚಿತ್ರಕಲೆಯ ಟೀಚರು ಈಗ ಮಗನ ಊರಿನಲ್ಲಿದ್ದಾರೆ, ವರ್ಷಕ್ಕೊಮ್ಮೆ ಸಂಕ್ರಾಂತಿಗೆ ಫೋನು ಮಾಡುತ್ತಾರೆ. ನೋಟಿಸಿನ ಸುದ್ದಿ ಬಂದಾಗಲೆಲ್ಲ ಗುಮಾಸ್ತರನ್ನೇ ಬೈಯುತ್ತಾರೆ, ಈ ಲೇಖಕಿ ‘ಹೂಂ’ ಎನ್ನುತ್ತಾಳೆ. ಗುಮಾಸ್ತರು ತೀರಿಕೊಂಡು ಆರು ವರ್ಷವಾಯಿತು. ಆಕೆ ಈ ಪತ್ರಿಕೆ ತರಿಸುತ್ತಾರೆ. ಚಟ್ನಿಪುಡಿಯ ಹತ್ತಿರ ಬಂದಾಗಲೇ ಗುರುತು ಹಿಡಿದಿರುತ್ತಾರೆ. ಫೋನ್ ನಂಬರು ಬದಲಾಗಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಹಶಿಕ್ಷಕಿ